ಲೆಕ್ಕ ಕೊಡುವವರಿಗೂ ಲೆಕ್ಕ ಕಾಣಬೇಕು

2018ರ ಜನವರಿಯಲ್ಲಿ ಮುಂಬೈನ ಬ್ರಾಡಿ ಹೌಸ್‌ನಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಶಾಖೆಗೆ ವಜ್ರ ವ್ಯಾಪಾರಿ ನೀರವ್ ಮೋದಿಯ ಕಂಪನಿಗಳ ಕಡೆಯವರು ಬಂದು ಎಲ್‌ಒಯು ಕೇಳಿದರು. ಆಮದು ಮಾಡಿಕೊಳ್ಳುವವರಿಗೆ ವಿದೇಶದ ಬ್ಯಾಂಕ್ ಶಾಖೆಗಳು ಅಲ್ಪಾವಧಿ ಸಾಲ ಕೊಡಲೆಂದು ಇಲ್ಲಿನ ಬ್ಯಾಂಕು ಬರೆದುಕೊಡುವ ಖಾತರಿ ಅದು. ಸಾಲಗಾರ ಕೈಯೆತ್ತಿದರೆ ಖಾತರಿ ಕೊಟ್ಟ ಬ್ಯಾಂಕೇ ದುಡ್ಡು ಕಟ್ಟಬೇಕು. ಆ ಕುರ್ಚಿಗೆ ಹೊಸದಾಗಿ ಬಂದಿದ್ದ ಅಧಿಕಾರಿ, ಪೂರ್ತಿ ಮೊತ್ತಕ್ಕೆ ನಗದು ಮಾರ್ಜಿನ್ ಇಡಬೇಕು ಎಂದರು. ಇಷ್ಟು ವರ್ಷ ಏನೂ ಇಡದೆಯೇ ಈ ಸೌಲಭ್ಯ ಪಡೆದಿದ್ದೇವೆ ಎಂದು ಬಂದವರು ವಾದಿಸಿದರು. ಅಧಿಕಾರಿ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ಹುಡುಕಿದರೆ ಅಂಥದ್ದೊಂದು ವ್ಯವಹಾರವೂ ಅಲ್ಲಿರಲಿಲ್ಲ. ಫೆಬ್ರುವರಿ 14ರಂದು ಬ್ಯಾಂಕು ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಿದ ವಂಚನೆಯ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಮುಂದೆ ಅದು 13,000 ಕೋಟಿ ದಾಟಿತು.

ಇಷ್ಟು ದೊಡ್ಡ ಮೊತ್ತ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಇದ್ದದ್ದು ಹೇಗೆ? ತನಿಖೆಯಲ್ಲಿ ಹೊರಬಿದ್ದ ವಿವರ ಬಹಳ ಸರಳ. ಬ್ಯಾಂಕಿನಲ್ಲಿ ಎರಡು ವ್ಯವಸ್ಥೆಗಳಿದ್ದವು. ಒಂದು, ಬ್ಯಾಂಕುಗಳ ನಡುವೆ ಸಂದೇಶ ಕಳಿಸುವ ಸ್ವಿಫ್ಟ್. ಇನ್ನೊಂದು, ಬ್ಯಾಂಕಿನ ಎಲ್ಲ ಲೆಕ್ಕ ಇರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆ, ನಮ್ಮ ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಫಿನಾಕಲ್. ಸ್ವಿಫ್ಟ್‌ನಲ್ಲಿ ಖಾತರಿಯ ಸಂದೇಶ ಕಳಿಸಿದವರು ಫಿನಾಕಲ್‌ನಲ್ಲೂ ಅದನ್ನು ಕೈಯಾರೆ ನಮೂದಿಸಬೇಕಿತ್ತು. ಎರಡರ ನಡುವೆ ಕೊಂಡಿ ಇರಲಿಲ್ಲ. ಸಂದೇಶ ಹೋಗುತ್ತಿತ್ತು, ನಮೂದು ಆಗುತ್ತಿರಲಿಲ್ಲ. ಹಳೆಯ ಖಾತರಿಯ ಅವಧಿ ಮುಗಿಯುವ ಹೊತ್ತಿಗೆ ಹೊಸ ಖಾತರಿ ಕೊಟ್ಟು, ಅದರಿಂದ ಬಂದ ಸಾಲದಲ್ಲಿ ಹಳೆಯದನ್ನು ತೀರಿಸಲಾಗುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ವರ್ಗವಾಗಬೇಕಿದ್ದ ಅಧಿಕಾರಿಯೊಬ್ಬರು 2010ರಿಂದ 2017ರಲ್ಲಿ ನಿವೃತ್ತರಾಗುವವರೆಗೂ ಅದೇ ಜಾಗದಲ್ಲಿದ್ದರು.

ದೆಹಲಿಯ ಪ್ರಧಾನ ಕಚೇರಿಗೆ ವರದಿಗಳು ಹೋಗುತ್ತಲೇ ಇದ್ದವು. ಸಾಲ ಎಷ್ಟು, ಠೇವಣಿ ಎಷ್ಟು, ಕೊಟ್ಟ ಖಾತರಿಗಳ ಮೊತ್ತ ಎಷ್ಟು ಎಂಬುದೆಲ್ಲ ಅವುಗಳಲ್ಲಿತ್ತು. ತಮ್ಮೊಳಗೆ ಬಂದದ್ದನ್ನು ಆ ವರದಿಗಳು ಸರಿಯಾಗಿಯೇ ತೋರಿಸುತ್ತಿದ್ದವು. ಒಳಗೆ ಬಾರದೆ ಉಳಿದದ್ದನ್ನು ತೋರಿಸಲು ಅವಕ್ಕೆ ಶಕ್ತಿಯಿರಲಿಲ್ಲ. ಆದರೆ ವಿದೇಶದ ಶಾಖೆಗಳು ಕೊಟ್ಟ ಸಾಲ ಪಂಜಾಬ್ ನ್ಯಾಷನಲ್ ಬ್ಯಾಂಕಿನದೇ ವಿದೇಶಿ ಖಾತೆಗಳಿಗೆ, ಅಂದರೆ ನಾಸ್ಟ್ರೋ ಖಾತೆಗಳಿಗೆ ಬಂದು ಬೀಳುತ್ತಿತ್ತು. ಸಾಲ ಕೊಟ್ಟ ಅಲಹಾಬಾದ್ ಬ್ಯಾಂಕ್, ಆಕ್ಸಿಸ್ ಬ್ಯಾಂಕ್‌ಗಳ ಹಾಂಗ್‌ಕಾಂಗ್ ಶಾಖೆಗಳಲ್ಲಿ ಇದರ ಪೂರ್ತಿ ದಾಖಲೆಯಿತ್ತು. ಹೀಗಾಗಿ ಮಾಹಿತಿ ಇರಲಿಲ್ಲ ಎನ್ನುವಂತಿಲ್ಲ. ಒಂದು ಕಡೆಯ ಲೆಕ್ಕವನ್ನು ಇನ್ನೊಂದು ಕಡೆಯ ಲೆಕ್ಕದೊಂದಿಗೆ ಯಾರೂ ತಾಳೆ ನೋಡಲಿಲ್ಲ. ಸ್ವಿಫ್ಟ್ ದುರ್ಬಳಕೆಯಾಗಬಹುದು ಎಂದು 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳನ್ನು ಎಚ್ಚರಿಸಿದ್ದೆವು ಎಂದು ರಿಸರ್ವ್ ಬ್ಯಾಂಕ್ ಆಮೇಲೆ ಹೇಳಿತು. 2018ರ ಮಾರ್ಚ್ 13ರಂದು ಎಲ್‌ಒಯು ಪದ್ಧತಿಯನ್ನೇ ನಿಲ್ಲಿಸಿತು.

ಈ ಪ್ರಕರಣವನ್ನು ಭ್ರಷ್ಟಾಚಾರದ ಕಥೆಯಾಗಿ ನಾವು ಬೇಕಾದಷ್ಟು ಓದಿದ್ದೇವೆ. ಅದಕ್ಕಿಂತ ಹೆಚ್ಚಿಗೆ ಇದು ನಮ್ಮ ಸಂಸ್ಥೆಗಳಲ್ಲಿ ಮಾಹಿತಿ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದರ ಕಥೆ ಎಂದು ನನಗೆ ತೋರುತ್ತದೆ. ಬ್ಯಾಂಕಿರಲಿ, ಗಾರ್ಮೆಂಟ್ಸ್ ಕಾರ್ಖಾನೆಯಿರಲಿ, ಸಹಕಾರ ಸಂಘವಿರಲಿ, ಎಲ್ಲೆಡೆ ಎಂಐಎಸ್, ಅಂದರೆ ಆಡಳಿತಕ್ಕೆ ಬೇಕಾದ ಮಾಹಿತಿಯ ವ್ಯವಸ್ಥೆ ಎಂದರೆ ಕೆಳಗಿನವರು ತುಂಬಿ ಕಳಿಸುವುದು, ಮೇಲಿನವರು ನೋಡುವುದು. ಸಂಜೆ ಐದರೊಳಗೆ ಎಂಐಎಸ್ ಹೋಗಬೇಕು ಎಂದು ಫೋನು ಬರುತ್ತದೆ. ಗುಮಾಸ್ತ ಅಂಕಿ ತುಂಬುತ್ತಾನೆ, ಶಾಖೆಯ ವ್ಯವಸ್ಥಾಪಕ ಕೂಡಿಸುತ್ತಾನೆ, ಪ್ರಾದೇಶಿಕ ಕಚೇರಿ ಮತ್ತೆ ಕೂಡಿಸುತ್ತದೆ, ಕೊನೆಗೆ ನಾಲ್ಕು ಬಣ್ಣದ ಚಾರ್ಟಾಗಿ ಅದು ಆಡಳಿತ ಮಂಡಳಿಯ ಮೇಜಿಗೆ ಬರುತ್ತದೆ. ಅಂಕಿ ಕೊಟ್ಟವನಿಗೆ ಅದು ಏನಾಯಿತು, ಎಲ್ಲಿ ಸೇರಿತು, ತನ್ನ ಬಗ್ಗೆ ಏನು ಹೇಳುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ವ್ಯವಹಾರ ಮಾಡಿದವರಿಗೆ ತಮ್ಮ ಲೆಕ್ಕ ತಿರುಗಿ ಕಾಣಬೇಕು, ಅದನ್ನು ತಾಳೆ ನೋಡಲು, ತಪ್ಪಿದ್ದರೆ ತಕರಾರು ಮಾಡಲು ದಾರಿಯಿರಬೇಕು. ಈ ದಾರಿಯಿಲ್ಲದ ಮಾಹಿತಿ ವ್ಯವಸ್ಥೆ ಎಷ್ಟೇ ಆಧುನಿಕವಾಗಿದ್ದರೂ ವ್ಯಾಪಾರ ಸಂಸ್ಥೆಗೆ ಅಪಾಯಕಾರಿ ಎಂಬುದು ನನ್ನ ವಾದ.

ಈ ವ್ಯವಸ್ಥೆಗಳೇ ಬೇಡ ಎಂದು ಯಾರೂ ಹೇಳಲಾರರು. ಕಂಪ್ಯೂಟರಿಗೆ ಮುಂಚಿನ ಬ್ಯಾಂಕುಗಳಲ್ಲಿ ಲೆಡ್ಜರುಗಳ ಬ್ಯಾಲೆನ್ಸಿಂಗ್ ತಿಂಗಳುಗಟ್ಟಲೆ ಬಾಕಿ ಬೀಳುತ್ತಿತ್ತು, ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋದ ಹಣದ ಲೆಕ್ಕ ಕೂಡಲು ವರ್ಷಗಳೇ ಹಿಡಿಯುತ್ತಿದ್ದವು. 1992ರಲ್ಲಿ ಬಯಲಾದ ಹರ್ಷದ್ ಮೆಹ್ತಾ ಹಗರಣ ಬೆಳೆದದ್ದು ಕಾಗದದ ರಸೀದಿಗಳಿಗೂ ಸರ್ಕಾರಿ ಸಾಲಪತ್ರಗಳ ಅಸಲಿ ಲೆಕ್ಕಕ್ಕೂ ನಡುವೆ ಇದ್ದ ಈ ವಿಳಂಬದಲ್ಲೇ. ಕಂಪ್ಯೂಟರು ವಿಳಂಬವನ್ನು ತೆಗೆದುಹಾಕಿತು. ಎರಡು ಕಡೆಯ ಲೆಕ್ಕ ಕೂಡಿಸುವ ಹೊಣೆಯನ್ನೂ ಅದೇ ಹೊತ್ತುಕೊಂಡಿತು ಎಂದು ನಾವು ಭಾವಿಸಿದ್ದು ತಪ್ಪಾಯಿತು.

ಈ ತಪ್ಪನ್ನು ಅರ್ಧ ಶತಮಾನಕ್ಕೂ ಹಿಂದೆ ಗುರುತಿಸಿದವರು ಅಮೆರಿಕದ ನಿರ್ವಹಣಾ ಚಿಂತಕ ರಸೆಲ್ ಆಕಾಫ್. 1967ರಲ್ಲಿ, ಕಂಪನಿಗಳು ಮಾಹಿತಿ ವ್ಯವಸ್ಥೆಗಳ ಬಗ್ಗೆ ದೊಡ್ಡ ಕನಸು ಕಾಣುತ್ತಿದ್ದಾಗ, 'ಮ್ಯಾನೇಜ್‌ಮೆಂಟ್ ಮಿಸ್‌ಇನ್ಫರ್ಮೇಷನ್ ಸಿಸ್ಟಮ್ಸ್' ಎಂಬ ಲೇಖನ ಬರೆದು, ಈ ವ್ಯವಸ್ಥೆಗಳನ್ನು ಕಟ್ಟುವವರ ಐದು ನಂಬಿಕೆಗಳನ್ನು ಒಂದೊಂದಾಗಿ ಅಲುಗಾಡಿಸಿದರು. ವ್ಯವಸ್ಥಾಪಕರಿಗೆ ಮಾಹಿತಿ ಸಾಲದು ಎಂಬುದು ಮೊದಲನೆಯದು. ಅವರು ನಿಜವಾಗಿ ನರಳುತ್ತಿರುವುದು ಬೇಡದ ಮಾಹಿತಿಯ ರಾಶಿಯಿಂದ ಎಂದರು ಆಕಾಫ್. ಕೊನೆಯ ನಂಬಿಕೆ ನನಗೆ ಎಲ್ಲಕ್ಕಿಂತ ಮುಖ್ಯ: ವ್ಯವಸ್ಥೆಯನ್ನು ಬಳಸಲು ಬಂದರೆ ಸಾಕು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ವ್ಯವಸ್ಥಾಪಕನಿಗೆ ತಿಳಿಯಬೇಕಿಲ್ಲ ಎಂಬುದು. ಹಾಗೆ ನಂಬಿದವನು ವ್ಯವಸ್ಥೆಯನ್ನು ತೂಗಿ ನೋಡುವ ಶಕ್ತಿಯನ್ನೇ ಕಳೆದುಕೊಂಡು, ತಾನು ನಡೆಸಬೇಕಾದ ಸಂಸ್ಥೆಯನ್ನು ಬೇರೆಯವರ ಕೈಗೆ ಒಪ್ಪಿಸಿಬಿಡುತ್ತಾನೆ.

ಬ್ರಿಟನ್ನಿನ ಅಂಚೆ ಸಂಸ್ಥೆ ಮಾಡಿದ್ದು ಇದನ್ನೇ. ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಪರದೆಯ ಮೇಲೆ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಲಾಗಿತ್ತು. ಅಂಚೆ ಸಂಸ್ಥೆಯವರು ಪರದೆಯ ಮೇಲೆ ಇದ್ದದ್ದೆಲ್ಲ ಲೋಕದಲ್ಲೂ ಇದೆ ಎಂದು ನಂಬಿದರು. ಬ್ರಿಟನ್ನಿನ ಬಹುತೇಕ ಅಂಚೆ ಶಾಖೆಗಳನ್ನು ನಡೆಸುವವರು ಸಬ್‌ಪೋಸ್ಟ್‌ಮಾಸ್ಟರ್‌ಗಳು. ಸಂಬಳದ ನೌಕರರಲ್ಲ, ಅಂಗಡಿಯ ಜೊತೆಗೆ ಅಂಚೆ ಕೌಂಟರನ್ನೂ ಕರಾರಿನ ಮೇಲೆ ನಡೆಸುವ ಸಾಮಾನ್ಯರು. ಅವರಲ್ಲಿ ಭಾರತೀಯ ಮೂಲದವರೂ ಬಹಳ. 1999ರಿಂದ ಆ ಶಾಖೆಗಳಿಗೆ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ವ್ಯವಸ್ಥೆ ಬಂತು. ಕಟ್ಟಿದ್ದು ಐಸಿಎಲ್, ಮುಂದೆ ಅದು ಫುಜಿತ್ಸು ಆಯಿತು. ಬಂದ ಸ್ವಲ್ಪ ಕಾಲದಲ್ಲೇ ಶಾಖೆಗಳ ಲೆಕ್ಕದಲ್ಲಿ ಕೊರತೆ ಕಾಣತೊಡಗಿತು. ಕೊರತೆ ಬಿದ್ದರೆ ಕೈಯಿಂದ ಕಟ್ಟಬೇಕು ಎಂದು ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ಕಟ್ಟಲಾಗದವರ ಮೇಲೆ ಕಳವು, ಸುಳ್ಳು ಲೆಕ್ಕದ ಮೊಕದ್ದಮೆ ಹೂಡಿತು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವುಗಳಲ್ಲಿ ಸುಮಾರು 700 ಪ್ರಕರಣ ಅಂಚೆ ಸಂಸ್ಥೆ ತಾನೇ ನಡೆಸಿದ್ದು. ಗರ್ಭಿಣಿಯಾಗಿದ್ದ ಭಾರತೀಯ ಮೂಲದ ಮಹಿಳೆಯೊಬ್ಬರು 2010ರಲ್ಲಿ ಜೈಲು ಸೇರಿದರು. ಮನೆ ಮಾರಿಕೊಂಡವರು, ದಿವಾಳಿಯಾದವರು, ಜೀವ ಕಳೆದುಕೊಂಡವರು ಇದ್ದಾರೆ.

ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್‌ನಲ್ಲಿ 2015ರಲ್ಲಿ ನಡೆದ ಒಂದು ಘಟನೆಯನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಹೇಗಾಯಿತೆಂದು ತಿಳಿಯುತ್ತದೆ. ಅಲ್ಲಿ ಮೂಲ ಶಾಖೆಯಿಂದ ಅದರ ಹೊರಶಾಖೆಗೆ 8,000 ಪೌಂಡ್ ನಗದು ಒಯ್ದು, ಹೊರಶಾಖೆಯ ಯಂತ್ರದಲ್ಲಿ ಜಮಾ ತೋರಿಸಬೇಕಿತ್ತು. ಹಣದ ಚೀಲದ ಬಾರ್‌ಕೋಡ್ ಓದಿಸಿ, ಎಂಟರ್ ಒತ್ತಿದಾಗ ರಸೀದಿ ಬಂತು. ಆದರೆ ಪರದೆ ಮುಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿತು. ಯಾರಾದರೂ ಏನು ಮಾಡುತ್ತಾರೆ? ಮತ್ತೆ ಎಂಟರ್ ಒತ್ತುತ್ತಾರೆ. ಒತ್ತಿದಾಗಲೆಲ್ಲ ಹೊರೈಜನ್ ಇನ್ನೊಂದು 8,000 ಪೌಂಡ್ ಬಂದಿದೆ ಎಂದು ಬರೆದುಕೊಂಡಿತು. ನಾಲ್ಕು ರಸೀದಿ, 32,000 ಪೌಂಡ್ ಜಮಾ. ಪೆಟ್ಟಿಗೆಯಲ್ಲಿದ್ದದ್ದು 8,000. ಯಂತ್ರದ ಪ್ರಕಾರ 24,000 ಪೌಂಡ್ ಕೊರತೆ. ಇದು ಆ ಒಂದೇ ಊರಿನ ಕಥೆಯಲ್ಲ, ಇದೇ ದೋಷ ಅದಕ್ಕೂ ಮುಂಚೆ ಬೇರೆ ಹಲವು ಶಾಖೆಗಳಲ್ಲಿ ಆಗಿತ್ತು ಎಂದು ಆಮೇಲೆ ಗೊತ್ತಾಯಿತು.

ದೋಷವಿಲ್ಲದ ಸಾಫ್ಟ್‌ವೇರ್ ಎಲ್ಲೂ ಇಲ್ಲ. ಆ ಕೌಂಟರಿನಲ್ಲಿ ಕೂತವರಿಗೆ, ಈ ಕೊರತೆಯನ್ನು ನಾನು ಒಪ್ಪುವುದಿಲ್ಲ ಎಂದು ಹೊರೈಜನ್‌ನಲ್ಲಿ ದಾಖಲಿಸಲು ದಾರಿಯೇ ಇರಲಿಲ್ಲ ಎಂಬುದು ದೋಷಕ್ಕಿಂತ ದೊಡ್ಡ ವಿಷಯ. ತಕರಾರಿನ ಮೊತ್ತವನ್ನು ತಾತ್ಕಾಲಿಕವಾಗಿ ಬೇರೆ ಇಡಲು ಮೊದಲಿದ್ದ ಸ್ಥಳೀಯ ಸಸ್ಪೆನ್ಸ್ ಖಾತೆಯನ್ನು 2005ರಲ್ಲಿ ತೆಗೆದುಹಾಕಿದರು. ಮರುದಿನ ಕೌಂಟರ್ ತೆರೆಯಬೇಕಾದರೆ ಲೆಕ್ಕ ಮುಗಿಸಬೇಕು, ಲೆಕ್ಕ ಮುಗಿಸಬೇಕಾದರೆ ಯಂತ್ರ ಹೇಳಿದ ಕೊರತೆಯನ್ನು ಒಪ್ಪಿಕೊಂಡಂತೆ ನಡೆಯಬೇಕು. ತಮ್ಮದೇ ಶಾಖೆಯ ವ್ಯವಹಾರದ ಪೂರ್ತಿ ವಿವರವನ್ನು ಅವರು ನೋಡುವಂತಿರಲಿಲ್ಲ, ಅದು ಫುಜಿತ್ಸು ಬಳಿಯಿತ್ತು. ಫುಜಿತ್ಸುವಿನ ನೌಕರರು ದೂರದಿಂದಲೇ ಶಾಖೆಗಳ ಲೆಕ್ಕದೊಳಗೆ ಕೈಹಾಕಬಲ್ಲವರಾಗಿದ್ದರು, ಅಂಚೆ ಸಂಸ್ಥೆ ವರ್ಷಗಳ ಕಾಲ ಅದನ್ನು ಅಲ್ಲಗಳೆಯಿತು. ಸಹಾಯವಾಣಿಗೆ ಕರೆ ಮಾಡಿದ ಎಷ್ಟೋ ಜನರಿಗೆ, ಈ ತೊಂದರೆ ನಿಮಗೊಬ್ಬರಿಗೇ ಎಂಬ ಉತ್ತರ ಸಿಕ್ಕಿತು. ಅದೇ ಉತ್ತರ ಬೇರೆಯವರಿಗೂ ಸಿಗುತ್ತಿದೆ ಎಂದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

ಕಾನೂನೂ ಯಂತ್ರದ ಪರವಾಗಿ ನಿಂತಿತು. ಇಂಗ್ಲೆಂಡಿನಲ್ಲಿ 1984ರ ಒಂದು ಕಾಯ್ದೆಯ ಪ್ರಕಾರ ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. ಹೊರೈಜನ್ ಶಾಖೆಗಳಿಗೆ ಬರುತ್ತಿದ್ದ ಹೊತ್ತಿನಲ್ಲೇ, 1999ರ ಇನ್ನೊಂದು ಕಾಯ್ದೆ ಆ ಕಲಮನ್ನು ತೆಗೆದುಹಾಕಿತು. ಅಲ್ಲಿಂದಾಚೆಗೆ ಯಂತ್ರ ಸರಿಯಿಲ್ಲ ಎಂದು ತೋರಿಸುವ ಭಾರ, ಯಂತ್ರದೊಳಗೆ ಇಣುಕಲೂ ಆಗದ ಆರೋಪಿಯ ಮೇಲೆ ಬಿತ್ತು. ಮಾಜಿ ಸಬ್‌ಪೋಸ್ಟ್‌ಮಾಸ್ಟರ್ ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಫ್ರೇಸರ್ ಅವರ ತೀರ್ಪು ಬಂದು, ಹೊರೈಜನ್‌ನ ದೋಷಗಳು ಶಾಖೆಗಳಲ್ಲಿ ಕೊರತೆ ಹುಟ್ಟಿಸಬಲ್ಲವು, ಹುಟ್ಟಿಸಿದ್ದೂ ಉಂಟು ಎಂದು ಸ್ಪಷ್ಟವಾಯಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಪಡಿಸಿತು. ಪರಿಹಾರದ ಮೊತ್ತ 100 ಕೋಟಿ ಪೌಂಡ್ ದಾಟಿದೆ. ತಕರಾರು ದಾಖಲಿಸುವ ಒಂದು ಗುಂಡಿಗೆ ಎಷ್ಟು ಖರ್ಚಾಗುತ್ತಿತ್ತು?

ಇದಕ್ಕೆ ಎದುರಾಗಿ ನಿಲ್ಲುವ ವ್ಯವಸ್ಥೆ ನಮ್ಮ ಹಳ್ಳಿಗಳಲ್ಲೇ ಇದೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಯಾವುದಾದರೂ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ನಿಂತು ನೋಡಿ. ಹೆಂಗಸು ಕ್ಯಾನಿನಿಂದ ಹಾಲು ಸುರಿಯುತ್ತಾಳೆ. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಅವಳ ಕಡೆಗೆ ಮುಖ ಮಾಡಿರುತ್ತದೆ. ಸಣ್ಣ ಲೋಟದಲ್ಲಿ ತೆಗೆದ ಸ್ಯಾಂಪಲ್ ಯಂತ್ರಕ್ಕೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಬರುತ್ತದೆ. ಸದಸ್ಯೆಯ ನಂಬರು, ದಿನ, ಹೊತ್ತು, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ ಇರುವ ಬೆರಳಗಲದ ಚೀಟಿ ಅವಳ ಕೈಗೆ ಬರುತ್ತದೆ. ಅದೇ ಅಂಕಿಗಳು ಒಕ್ಕೂಟಕ್ಕೂ ಹೋಗುತ್ತವೆ. ಯಾವ ದಾರಿಗೆ ಎಷ್ಟು ದೊಡ್ಡ ಟ್ಯಾಂಕರ್ ಬೇಕು, ಯಾವ ಊರಿನ ಹಾಲಿನ ಗುಣಮಟ್ಟ ಇಳಿಯುತ್ತಿದೆ, ಬಟವಾಡೆಗೆ ಎಷ್ಟು ಹಣ ತೆಗೆದಿಡಬೇಕು ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತದೆ. ಪಠ್ಯಪುಸ್ತಕಗಳು ಹೇಳುವ ಮಾಹಿತಿ ವ್ಯವಸ್ಥೆಯ ಮೂರು ಹಂತಗಳೂ ಇಲ್ಲಿವೆ: ದಿನದ ವ್ಯವಹಾರ, ಮಧ್ಯಮ ಹಂತದ ನಿಯಂತ್ರಣ, ಮೇಲಿನವರ ಯೋಜನೆ. ಹಾಲು ಹಾಕಿದವಳ ಕೈಯಲ್ಲಿರುವ ಚೀಟಿ ಆ ಪುಸ್ತಕಗಳಲ್ಲಿ ಇಲ್ಲ.

ಹಿಂದೆ ಗರ್ಬರ್ ವಿಧಾನದಲ್ಲಿ ಆಮ್ಲ ಹಾಕಿ, ಗಾಜಿನ ನಳಿಗೆಗಳನ್ನು ಯಂತ್ರದಲ್ಲಿ ತಿರುಗಿಸಿ ಫ್ಯಾಟು ನೋಡುತ್ತಿದ್ದಾಗ ಫಲಿತಾಂಶ ಕಾರ್ಯದರ್ಶಿಯ ಪುಸ್ತಕದಲ್ಲಿ ಇರುತ್ತಿತ್ತು. ಎಷ್ಟೋ ಕಡೆ ರೈತರಿಗೆ ಅದು ತಿಳಿಯುತ್ತಿದ್ದದ್ದು ಬಟವಾಡೆಯ ದಿನ. ಅಷ್ಟು ಹೊತ್ತಿಗೆ ಹಾಲು ಎಲ್ಲೋ ಬೆಣ್ಣೆಯಾಗಿರುತ್ತಿತ್ತು, ಪ್ರಶ್ನೆ ಕೇಳಿ ಪ್ರಯೋಜನವಿರಲಿಲ್ಲ. ಈಗ ನಿನ್ನೆ 3.9 ಇದ್ದ ಫ್ಯಾಟು ಇವತ್ತು 3.2 ಬಂದರೆ ಅವಳು ಅಲ್ಲೇ ಕೇಳುತ್ತಾಳೆ. ತನ್ನ ಹಸು ಯಾವ ಮೇವು ತಿಂದಿದೆ, ಕರು ಹಾಕಿ ಎಷ್ಟು ತಿಂಗಳಾಯಿತು ಎಂದು ಅವಳಿಗೆ ಗೊತ್ತು. ಯಂತ್ರಕ್ಕೆ ಅದು ಗೊತ್ತಿಲ್ಲ. ಅವಳ ಹಿಂದೆ ನಿಂತವರಿಗೂ ಕಡಿಮೆ ಬಂದರೆ ಯಂತ್ರ ತೊಳೆದು ಮತ್ತೆ ನೋಡಿ ಎಂಬ ಮಾತು ಏಳುತ್ತದೆ. ತಪ್ಪು ಹುಟ್ಟಿದ ಜಾಗದಲ್ಲಿ, ಹುಟ್ಟಿದ ಗಳಿಗೆಯಲ್ಲಿ, ಅದನ್ನು ಹಿಡಿಯಲು ಎಲ್ಲರಿಗಿಂತ ಹೆಚ್ಚು ಕಾರಣವಿರುವವರ ಕಣ್ಣಿಗೇ ಬೀಳುತ್ತದೆ. ಡಾಲ್‌ಮೆಲಿಂಗ್ಟನ್‌ನಲ್ಲಿ ಇಲ್ಲದೇ ಹೋದದ್ದು ಇದು. ಎಲ್ಲ ಸಂಘಗಳೂ ಹೀಗೇ ನಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ. ಚೀಟಿ ಕೊಡದ, ತೂಕದಲ್ಲಿ ಕಡಿತ ಮಾಡುವ ಸಂಘಗಳ ಬಗ್ಗೆ ದೂರುಗಳಿವೆ. ಆದರೆ ಆ ದೂರು ಹುಟ್ಟುವುದೂ, ಪಕ್ಕದೂರಿನ ಸಂಘದಲ್ಲಿ ಚೀಟಿ ಕೊಡುತ್ತಾರೆ ಎಂದು ಗೊತ್ತಿರುವುದರಿಂದಲೇ.

ಕರಾವಳಿಯ ಬ್ಯಾಂಕಿಂಗ್ ಪರಂಪರೆಗೂ ಈ ತಿಳಿವು ಇತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆಗೂ ಏಜೆಂಟ್ ಹೋಗುತ್ತಿದ್ದ. ಬ್ಯಾಂಕಿನ ಪುಸ್ತಕದಲ್ಲಿ ಬರೆಯುವ ಜೊತೆಗೆ ಗಿರಾಕಿಯ ಕಾರ್ಡಿನಲ್ಲೂ ಬರೆದುಕೊಡುವ ಪದ್ಧತಿಯೇ ಪಿಗ್ಮಿಯನ್ನು ಉಳಿಸಿತು. ಏಜೆಂಟ್ ಮೋಸ ಮಾಡಿದರೆ ಆ ಎರಡು ಬರಹಗಳು ಕೂಡದೇ ಇದ್ದಾಗ ಸಿಕ್ಕಿಬೀಳಬಹುದಿತ್ತು.

ನನ್ನ ವಾದಕ್ಕೆ ಆಕ್ಷೇಪಗಳಿವೆ. ಎಲ್ಲರಿಗೂ ಎಲ್ಲವನ್ನೂ ತೋರಿಸಿದರೆ ವ್ಯಾಪಾರದ ಗುಟ್ಟು ಉಳಿಯುವುದೇ ಎಂಬುದು ಒಂದು. ಎಲ್ಲವನ್ನೂ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಒಬ್ಬರ ಹೆಸರಿನಲ್ಲಿ ಬರೆದದ್ದು ಆ ಒಬ್ಬರಿಗೆ ಕಾಣಲಿ ಎಂದಷ್ಟೇ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ತನ್ನ ಮಾಹಿತಿಯನ್ನು ತಿಳಿಯುವ, ತಿದ್ದಿಸುವ ಹಕ್ಕನ್ನು ತತ್ವವಾಗಿ ಒಪ್ಪಿದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ತಮ್ಮನ್ನು ಯಾವ ಅಂಕಿಯಿಂದ ಅಳೆಯುತ್ತಾರೆ ಎಂದು ನೌಕರರಿಗೆ ಗೊತ್ತಾದರೆ ಅವರು ಆ ಅಂಕಿಗೆ ತಕ್ಕಂತೆ ಆಟ ಆಡುತ್ತಾರೆ. ನಿಜ, ಆಡುತ್ತಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿ ಮನೆಗೆ ಎಂಟು ಸೇವೆ ಮಾರಬೇಕೆಂಬ ಗುರಿಯ ಒತ್ತಡಕ್ಕೆ ಸಿಕ್ಕಿದ ನೌಕರರು ಗಿರಾಕಿಗಳಿಗೆ ತಿಳಿಯದೆಯೇ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಆದರೆ ಇಲ್ಲೂ ಗಮನಿಸಿ. ಮೇಲಿನವರಿಗೆ ಕಂಡದ್ದು ಪ್ರತಿ ಗಿರಾಕಿಗೆ ಎಷ್ಟು ಸೇವೆ ಎಂಬ ಏರುತ್ತಿರುವ ಸರಾಸರಿ. ಆ ಗುರಿ ಮುಟ್ಟಲಾಗದ್ದು ಎಂದು ಕೌಂಟರಿನಲ್ಲಿ ಎಲ್ಲರಿಗೂ ತಿಳಿದಿತ್ತು, ಆ ತಿಳಿವು ಮೇಲಕ್ಕೆ ಹೋಗಲು ವರದಿಯಲ್ಲಿ ಕಾಲಂ ಇರಲಿಲ್ಲ. ಅಂಕಿಯನ್ನು ಗುಟ್ಟಾಗಿಟ್ಟರೆ ಈ ರೋಗ ವಾಸಿಯಾಗುವುದಿಲ್ಲ. ಗುರಿ ತಪ್ಪು ಎಂದು ಹೇಳಿದವರ ಮಾತು ಮೇಲಕ್ಕೆ ತಲುಪಬೇಕು.

ತನ್ನ ಲೆಕ್ಕ ತನಗೆ ಕಾಣುತ್ತದೆಯೇ ಎಂಬ ಈ ಪ್ರಶ್ನೆ ಇವತ್ತು ಬೆಂಗಳೂರಿನ ಬೀದಿಗಳಲ್ಲಿ ಓಡಾಡುತ್ತಿದೆ. ಊಟ ತಲುಪಿಸುವ, ಕ್ಯಾಬ್ ಓಡಿಸುವ ಹುಡುಗರಿಗೆ ಕೆಲಸ ಹಂಚುವುದು, ದರ ಕಟ್ಟುವುದು, ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಮಾಡುವುದು ಎಲ್ಲವೂ ಕಂಪನಿಯ ಮಾಹಿತಿ ವ್ಯವಸ್ಥೆಯೇ. ಏಕೆ ಬ್ಲಾಕ್ ಆಯಿತು ಎಂದು ಕೇಳಿದರೆ ಆ್ಯಪಿನಿಂದ ಬರುವುದು ಸಿದ್ಧ ಉತ್ತರ. 2025ರಲ್ಲಿ ಕರ್ನಾಟಕ ತಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ, ಇಂಥ ಸ್ವಯಂಚಾಲಿತ ವ್ಯವಸ್ಥೆಗಳು ತಮ್ಮ ಕೆಲಸದ ಮೇಲೆ ಹೇಗೆ ಪರಿಣಾಮ ಮಾಡುತ್ತವೆ ಎಂದು ತಿಳಿಯುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿದೆ. ಹಾಲು ಹಾಕುವವಳ ಕೈಯ ಚೀಟಿಗೆ ಸಮನಾದದ್ದು ಡೆಲಿವರಿ ಹುಡುಗನ ಫೋನಿಗೂ ಬಂದರೆ ಮಾತ್ರ ಈ ಕಾಯ್ದೆ ಬದುಕಿದೆ ಎನ್ನಬಹುದು.

ಜಗತ್ತಿನ ಎಷ್ಟೋ ಬ್ಯಾಂಕು, ಅಂಗಡಿ, ಕಾರ್ಖಾನೆಗಳ ಮಾಹಿತಿ ವ್ಯವಸ್ಥೆಯನ್ನು ಬರೆಯುತ್ತಿರುವವರಲ್ಲಿ ಕನ್ನಡಿಗರು ಕಡಿಮೆಯೇನಲ್ಲ. ಅವರಲ್ಲೂ, ಆ ವ್ಯವಸ್ಥೆಗಳನ್ನು ಕೊಳ್ಳುವ ಸಂಸ್ಥೆಗಳ ಮುಖ್ಯಸ್ಥರಲ್ಲೂ ನನ್ನದೊಂದು ಕೋರಿಕೆ. ಮುಂದಿನ ಕರಾರಿನಲ್ಲಿ ಡ್ಯಾಶ್‌ಬೋರ್ಡಿನ ಬಣ್ಣಗಳನ್ನು ಚರ್ಚಿಸುವ ಮುಂಚೆ ಕೆಲವು ಸಾಲು ಬರೆಸಿ. ಹಣ ಮುಟ್ಟುವ ಎರಡು ವ್ಯವಸ್ಥೆಗಳ ಲೆಕ್ಕ ದಿನವೂ ತಾಳೆಯಾಗಲಿ, ಕೂಡದ ಮೊತ್ತ ಅದೇ ದಿನ ಮೂರನೆಯವರೊಬ್ಬರ ಮೇಜಿಗೆ ಹೋಗಲಿ. ಅಂಕಿ ಕೊಟ್ಟವರಿಗೆ ಅವರ ಭಾಷೆಯಲ್ಲಿ ರಸೀದಿ ಬರಲಿ. ಒಪ್ಪುವುದಿಲ್ಲ ಎಂದು ದಾಖಲಿಸಲು ಪರದೆಯ ಮೇಲೆ ಜಾಗವಿರಲಿ, ಆ ತಕರಾರು ತೀರುವವರೆಗೆ ಅವರ ಕೈಯಿಂದ ದುಡ್ಡು ಕಟ್ಟಿಸಿಕೊಳ್ಳಬೇಡಿ. ಇಷ್ಟನ್ನು ಮಾಡಿಕೊಡಲಾಗದು ಎನ್ನುವ ವ್ಯವಸ್ಥೆಗೆ ದಯವಿಟ್ಟು ಸಹಿ ಹಾಕಬೇಡಿ.